ಪಟ್ಟಿಯಲ್ಲಿಲ್ಲದ ದಂಡೆ

“ಅಕ್ಕಾರ, ನಿಮ್ಮ ಲಿಸ್ಟ್ ಇರದಿದ್ರ ನಾವು ಹಡಗ ಬಿಟ್ಟು ಕೆಳಗ ಇಳೀತಿದ್ದಿಲ್ರಿ,” ಎನ್ನುತ್ತ ಸೌಂದರ್ಯಾ ತನ್ನ ಫೋನನ್ನು ಶ್ರೀಲತಾಳ ಕೈಗಿಟ್ಟಳು. ಶ್ರೀಲತಾ ಕನ್ನಡಕ ಹಾಕಿಕೊಂಡು ಫೋಟೊಗಳನ್ನು ಒಂದೊಂದಾಗಿ ಸರಿಸಿದಳು. ಅವಳು ಹುಡುಕುತ್ತಿದ್ದುದು ಬಿಳಿ ಮರಳು, ಬಾಗಿದ ಎರಡು ತೆಂಗಿನ ಮರ, ಮೊಣಕಾಲುದ್ದದ ತಿಳಿ ನೀರು. ಅದು ಸಿಗದೇ ಇರಲಿ ಎಂದೇ ಹುಡುಕುತ್ತಿದ್ದಳು.

ಇಂಗ್ಲಿಷರ ನಾಡಿನ ಸಟನ್ ಊರಿನ ಕನ್ನಡದ ಮನೆಗಳಲ್ಲಿ ಯಾರು ಪ್ರವಾಸ ಹೊರಟರೂ ಮೊದಲು ಶ್ರೀಲತಾಳ ಪಟ್ಟಿ ಬೇಕು. ಎಲ್ಲಿ ಎಷ್ಟು ಮೆಟ್ಟಿಲು, ಎಲ್ಲಿ ನೆರಳಿನ ಬೆಂಚು, ಎಲ್ಲಿ ಮೊಟ್ಟೆ ಹಾಕದ ತಿಂಡಿ, ಎಲ್ಲ ಅದರಲ್ಲಿ ಇರುತ್ತಿತ್ತು. ಕೆರಿಬಿಯನ್ ಹಡಗು ಪ್ರವಾಸದ ಪಟ್ಟಿಯನ್ನು ಮಾತ್ರ ಅವಳು ಬೇರೆಯವರಿಗಾಗಿ ಬರೆದದ್ದಲ್ಲ. ಐದು ವರ್ಷದಿಂದ ತನಗೆಂದೇ ಬರೆದುಕೊಂಡಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರಾದ ಗಂಡ ಅಶ್ವತ್ಥನಾರಾಯಣ ಪ್ರತಿ ವರ್ಷ, “ಈ ಸಲ ರಜ ಸಿಗಲ್ಲ ಕಣೆ, ಬರೋ ವರ್ಷ ನೋಡೋಣ” ಎನ್ನುತ್ತಿದ್ದ.

ಜನವರಿಯಲ್ಲಿ ಸೌಂದರ್ಯಾ ಬಂದು ಕೇಳಿದ್ದಳು. “ನಮ್ಮ ಅತ್ತಿಯವ್ರಿಗೆ ಮೊಣಕಾಲ ಬ್ಯಾನಿ. ಹಡಗ ನಿಲ್ಲೋ ನಾಕೂ ಊರಾಗ, ಬಂದರಿನ ಹತ್ತಿರ ಏನರ ಇದ್ರ ಬರಕೊಡ್ರಿ ಅಕ್ಕಾರ.” ಶ್ರೀಲತಾ ನಾಲ್ಕರಲ್ಲಿ ಮೂರು ಊರಿನದನ್ನು ದುಂಡಗೆ ನಕಲು ಮಾಡಿ ಕೊಟ್ಟಳು. ಮೂರನೆಯ ಬಂದರಿನ ಎದುರು ಮಾತ್ರ ಒಂದು ಗೆರೆ ಎಳೆದು ಖಾಲಿ ಬಿಟ್ಟಳು. ಹಡಗಿನಿಂದ ಐದೇ ನಿಮಿಷದ ನಡಿಗೆಯ ಆ ಬಿಳಿ ಮರಳಿನ ದಂಡೆಯನ್ನು ತನಗಿಂತ ಮೊದಲು ಇನ್ನೊಬ್ಬರು ತುಳಿಯುವುದನ್ನು ಅವಳಿಂದ ಸಹಿಸಲಾಗಲಿಲ್ಲ.

ಈಗ ಫೋನಿನಲ್ಲಿ ಗಾಜಿನ ತಳದ ದೋಣಿ, ಆಮೆ ಕಂಡು ಬಾಯಿ ತೆರೆದ ಸೌಂದರ್ಯಾಳ ಎಂಟು ವರ್ಷದ ಮಗಳು ಸೃಷ್ಟಿ, ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿ ಅಲೆಯಲ್ಲಿ ನಿಂತು ನಗುತ್ತಿರುವ ಅವಳಜ್ಜಿ ಕಾಶವ್ವ. ಆ ಬೆಂಚು, ಆ ನೆರಳು, ಊರು ಸುತ್ತಿಸುವ ಆ ಪುಟ್ಟ ರೈಲು ಎಲ್ಲವೂ ಶ್ರೀಲತಾಳ ಪಟ್ಟಿಯವೇ. ಅವುಗಳಲ್ಲಿ ಕೂತವರು ಮಾತ್ರ ಬೇರೆ.

“ಮೂರನೇ ಊರಾಗ ನಾವು ಇಳೀಲೇ ಇಲ್ರಿ,” ಎಂದಳು ಸೌಂದರ್ಯಾ.

“ಅಯ್ಯೋ, ಯಾಕೆ?”

“ನೀವು ಏನೂ ಬರದಿದ್ದಿಲ್ಲಲ್ರಿ. ನಮ್ಮನಿಯವ್ರು ಬೂಟು ಹಾಕ್ಕೊಂಡು ಹೊಂಟಿದ್ರು, ನಾನ ಬ್ಯಾಡಂದೆ. ಅಕ್ಕಾರು ಬರದಿಲ್ಲಂದ್ರ ಅಲ್ಲಿ ಏನೂ ಇಲ್ಲ, ಸುಮ್ನ ಕೂಡ್ರಿ ಅಂದೆ.”

“ದೇರ್ ವಾಸ್ ಎ ಬೀಚ್, ಮಮ್ಮಿ. ಐ ಸಾ ಇಟ್,” ಎಂದಳು ಕೆಳಗೆ ಕೂತು ಹೋಳಿಗೆ ತಿನ್ನುತ್ತಿದ್ದ ಸೃಷ್ಟಿ.

“ಯಾವ್ದೋ ಹೋಟೆಲ್‌ನವ್ರದು ಇರಬೇಕು, ತಿನ್ನು ನೀ. ಅವತ್ತು ಇಡೀ ದಿನ ಡೆಕ್ ಮ್ಯಾಲೆ ಸರಳು ಹಿಡಕೊಂಡು ನಿಂತಿದ್ಲ್ರಿ ಈಕಿ. ಇರ್ಲಿ, ಬರೋ ಈಸ್ಟರಿಗೂ ಅದೇ ಹಡಗು ಅನ್ನಾಕತ್ತಾರ ನಮ್ಮನಿಯವ್ರು.”

ಶ್ರೀಲತಾಳ ಎದೆಗೆ ತಂಪೆರೆದಂತಾಗಿತ್ತು. ದಂಡೆ ಅವಳದಾಗಿಯೇ ಉಳಿದಿತ್ತು. ಕೊನೆಯ ಮಾತು ಕೇಳಿದ್ದೇ ಆ ತಂಪು ಇಂಗಿತು. ಬರುವ ಈಸ್ಟರಿಗೂ ಇವರೇ! “ಹಾಕ್ಕೊಳ್ಳೇ ಸೌಂದರ್ಯಾ, ಇನ್ನೊಂದು,” ಎಂದು ಹೋಳಿಗೆ ಬಡಿಸಿ, ಕೇಳುವ ಮೊದಲೇ ಮೇಲೆ ತುಪ್ಪ ಸುರಿದಳು.

ಅಷ್ಟು ಹೊತ್ತು ಸೋಫಾದ ಮೂಲೆಯಲ್ಲಿ ಕೂತಿದ್ದ ಕಾಶವ್ವ ಸೊಂಟದ ಸಂಚಿಯಿಂದ ಹೆಬ್ಬೆರಳಷ್ಟು ದಪ್ಪದ ಪೊಟ್ಟಣವೊಂದನ್ನು ತೆಗೆದರು. ದಾರ ಸುತ್ತಿದ ಕಾಗದಕ್ಕೆ ಅರಿಶಿನ ಅಂಟಿತ್ತು.

“ನಾಕೂ ಕಡೆ ಸಮುದ್ರದ ಗಂಗವ್ವಗ ಉಡಿ ತುಂಬತೇನಿ ಅಂತ ಹರಕಿ ಹೊತ್ತಿದ್ದೆ, ತಂಗಿ. ಅರಿಶಿನ ಕುಂಕುಮದ್ದು ನಾಕು ಪೊಟ್ಟಣ ಕಟಗೊಂಡು ಹೋಗಿದ್ದೆ. ಇದೊಂದು ತಿರುಗಿ ಬಂತು. ಪಂಕ್ತಿಯೊಳಗ ಒಬ್ಬಾಕಿಗೆ ಬಡಿಸದ ಮುಂದ ಹೋದಂಗ ಆತು. ಅವತ್ತಿಂದ ಕಣ್ಣಿಗೆ ನಿದ್ದಿ ಹತ್ತವಲ್ದು.”

“ದಿನಾ ಇದೇ ಮಾತ್ರಿ,” ಎಂದಳು ಸೌಂದರ್ಯಾ. “ಜಿಪಿ ಡಾಕ್ಟರ ಕಡೆ ಸೈತ ಕರಕೊಂಡು ಹೋಗಿದ್ದೆ.”

ಕಾಶವ್ವ ಮುಂದಕ್ಕೆ ಬಾಗಿದರು. “ನೀ ಎಲ್ಲಾ ತಿಳದಾಕಿ. ಖರೇ ಹೇಳು. ನನ್ನಂಥ ಮುದುಕಿ ನೀರ ಮುಟ್ಟೋ ಜಾಗ ಇತ್ತೇನು ಅಲ್ಲಿ?”

ಸೃಷ್ಟಿಯೂ ತಲೆಯೆತ್ತಿದಳು. ಇತ್ತು ಎಂದರೆ ಮುದುಕಿಯ ಕೊರಗಿಗೆ ತಾನು ಕಾರಣಳಾಗಬೇಕು. ಅದನ್ನಾದರೂ ತಾಳಿಕೊಳ್ಳಬಹುದಿತ್ತು. ಆದರೆ ಬರುವ ಈಸ್ಟರಿಗೆ ಈ ಪೊಟ್ಟಣ ಹಿಡಿದು ಇವರೆಲ್ಲ ನೇರ ಅಲ್ಲಿಗೇ ಹೋಗುತ್ತಾರೆ. ಆ ತೆಂಗಿನ ಮರಗಳ ಕೆಳಗೆ ಫೋಟೊ ತೆಗೆಸಿಕೊಂಡು, ಇದೇ ಸೋಫಾದಲ್ಲಿ ಕೂತು ತೋರಿಸುತ್ತಾರೆ.

“ಇಲ್ಲ ಅಮ್ಮ,” ಎಂದಳು ಶ್ರೀಲತಾ. “ಬರೀ ಬಂಡೆಕಲ್ಲು. ನಿಮ್ಮಂಥೋರು ಇಳಿಯೋಕೆ ಜಾಗಾನೇ ಇಲ್ಲ.”

“ಹೌದಾ? ಹಂಗಾರ ತಪ್ಪು ನಂದಲ್ಲ!” ಕಾಶವ್ವನ ಮುಖ ಅರಳಿತು. “ನಡೀತು ಬಿಡು. ಕಾಲು ಇಡಾಕ ಜಾಗ ಕೊಡದಾಕಿ, ಹರಕಿ ಹ್ಯಾಂಗ ಕೇಳತಾಳ?” ಎಂದು ನಕ್ಕರು. ಶ್ರೀಲತಾಳ ಕೆನ್ನೆಗಳನ್ನು ಎರಡೂ ಕೈಯಿಂದ ಸವರಿ, “ನೂರು ವರ್ಷ ಬಾಳು ನನ್ನವ್ವಾ, ಯಾರ ಕಣ್ಣೂ ತಾಗದಿರಲಿ” ಎಂದು ತಮ್ಮ ಹಣೆಯ ಪಕ್ಕದಲ್ಲಿ ನೆಟಿಗೆ ಮುರಿದು ದೃಷ್ಟಿ ತೆಗೆದರು.

ಕೈ ತೊಳೆದು ಬಂದವರು ಸೋಫಾದ ದಿಂಬಿಗೆ ಒರಗಿದರು. ಎರಡು ನಿಮಿಷವೂ ಆಗಿರಲಿಲ್ಲ, ಬಾಯಿ ಅರೆ ತೆರೆದು, ಹಾಲು ಕುಡಿದ ಕೂಸಿನಂತೆ ಉಸಿರು ಸಮವಾಯಿತು.

“ಎಷ್ಟ ದಿನದ ಮ್ಯಾಲೆ ಮಲಗಿದ್ರು ನೋಡ್ರಿ, ಅಕ್ಕಾರ,” ಎಂದು ಸೌಂದರ್ಯಾ ಪಿಸುಗುಟ್ಟಿದಳು. ತುಪ್ಪದ ಬಟ್ಟಲು ಹಿಡಿದು ನಿಂತ ಶ್ರೀಲತಾ ಆ ಮುಖವನ್ನೇ ನೋಡಿದಳು. ಈ ನಿದ್ದೆಯೂ ಇವರಿಗೇ ಸಿಕ್ಕಿತಲ್ಲ ಎಂದು ಅವಳ ಹೊಟ್ಟೆ ಉರಿಯಿತು.