ಆನೆಗೆ ಸಂದ ತೋಳು

ನುಸಿಗುಳಿಗೆಯ ವಾಸನೆ ಬಂದರೆ ಇಂದಿಗೂ ನನ್ನ ಬಲಗೈಗೆ ಚಳಿಯಾಗುತ್ತದೆ.

ನನ್ನ ಬಾಲ್ಯದ ಒಂದು ಚಳಿಗಾಲದ ಮಧ್ಯಾಹ್ನ ಅಜ್ಜಿ, ತಾನು ಕಪ್ಪು ಉಣ್ಣೆಯಲ್ಲಿ ಹೆಣೆದ ಆನೆಯನ್ನು ಕೊಡಲು ಹುಮನಾಬಾದಿನಿಂದ ಬಸವಕಲ್ಯಾಣದ ಅನಾಥಾಲಯಕ್ಕೆ ನನ್ನನ್ನೂ ಕರೆದೊಯ್ದಳು. ನನ್ನ ಮೈಮೇಲೆ ಆಗಷ್ಟೇ ನುಸಿಗುಳಿಗೆ ಹಾಕಿಟ್ಟ ಟ್ರಂಕಿನಿಂದ ತೆಗೆದ, ಅವಳೇ ಹೆಣೆದ ಕೆಂಪು ಸ್ವೆಟರ್ ಇತ್ತು.

ಪುಟ್ಟ ಹುಡುಗಿಯೊಬ್ಬಳು ಆನೆಯನ್ನು ತಿರುಗಿಸಿ ನೋಡಿ, "ಎಮ್ಮಿ ಭಾಳ ಚಂದ ಅದರಿ" ಎಂದಳು.

"ಆನಿ ಅದವ್ವಾ. ಸೊಂಡಿಲ ಹಾಕೋ ಹೊತ್ತಿಗಿ ಉಲ್ಲನ್ ಮುಗೀತು," ಎಂದ ಅಜ್ಜಿಯ ಕಣ್ಣು ನನ್ನ ತೋಳಿನ ಮೇಲೆ ನಿಂತಿತು.

"ನನಗ ಚಳಿ ಆಗ್ತದ, ಅಜ್ಜಿ!"

"ನಿನಗ ಇನ್ನೊಂದು ತೋಳು ಅದಲ್ಲ? ಆನಿಗಿ ಸೊಂಡಿಲೇ ಇಲ್ಲ."

ಅವಳ ಚೀಲದಿಂದ ಕತ್ತರಿ, ಹೆಣಿಗೆ ಕಡ್ಡಿ ಹೊರಬಂದವು; ಸ್ವೆಟರಿನ ಬಲತೋಳು ಶಾಸ್ತ್ರೋಕ್ತವಾಗಿ ಬಿಚ್ಚಿಕೊಂಡು ಸೊಂಡಿಲಾಯಿತು.

ಹುಡುಗಿ ಅದನ್ನು ಎದೆಗವಚಿಕೊಂಡು ಗೆಳತಿಯರಿಗೆ ತೋರಿಸಿದಳು: "ನನ್ನ ಎಮ್ಮಿ!"

ಅಜ್ಜಿ ತಿದ್ದಲಿಲ್ಲ. ನನ್ನ ಬಲಗೈಯನ್ನು ತನ್ನ ಸೆರಗಿನೊಳಗೆ ಎಳೆದುಕೊಂಡಳು.