ಮುಚ್ಚಳದ ಮೇಲೆ

"ಹೆಣ್ಣಿನ ಮನಸ್ಸಲ್ಲಿ ಇವರಿಬ್ಬರೂ ಇರ್ತಾರಂತೆ. ನಿಮ್ಮನೇಲಿ ಎಲ್ಲಿದಾರೆ, ಇಟ್ಟು ತೋರಿಸು ಪುಟ್ಟಿ," ಎಂದು ಆಪ್ತಸಲಹೆಗಾರ್ತಿ ಎರಡು ಗ್ರೀಕ್ ದೇವತೆಗಳ ಗೊಂಬೆಗಳನ್ನು ಮುಂದಿಟ್ಟಳು. ಒಬ್ಬಳು ಪಾತಾಳದ ದೊರೆ ಹೊತ್ತೊಯ್ದ ಪರ್ಸೆಫೊನಿ. ಇನ್ನೊಬ್ಬಳು ಆ ಮಗಳಿಗಾಗಿ ಲೋಕವೆಲ್ಲ ಅಲೆದ ತಾಯಿ ಡಿಮೀಟರ್.

"ಆ ತಾಯಿ ನಾನೇ ಮೇಡಂ. ಇವಳು ಕಣ್ಮರೆಯಾದ್ರೆ ನನ್ನ ಜೀವ ಬಾಯಿಗೆ ಬರತ್ತೆ."

"ಅಮ್ಮಾ, ನೀನು ಸ್ವಲ್ಪ ಸುಮ್ನಿರು," ಎಂದ ಮಗಳು ಪರ್ಸೆಫೊನಿಯನ್ನು ಗೊಂಬೆಗಳ ಖಾಲಿ ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕಿದಳು.

"ಯಾರೇ ಅವನು, ನಿನ್ನ ಪಾತಾಳಕ್ಕೆ ಎಳೀತಿರೋನು?" ತಾಯಿ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ದೇವರೇ, ಯಾವ ಹುಡುಗನ ಹೆಸರು ಬರುತ್ತದೋ!

ಮಗಳು ಡಿಮೀಟರಳನ್ನು ಎತ್ತಿ ಮುಚ್ಚಳದ ಮೇಲೆ ಭದ್ರವಾಗಿ ಕೂರಿಸಿದಳು. ತಾಯಿಯ ಕೈ ತಾನಾಗಿ ಚೀಲದೊಳಕ್ಕೆ ಹೋಗಿ, ಮಗಳ ಕೋಣೆಗೆ ತಾನು ದಿನವೂ ಹೊರಗಿನಿಂದ ಜಡಿಯುವ ಬೀಗದ ಕೈಯನ್ನು ಅವಚಿಕೊಂಡಿತು.