ನಾಲೆಗೆ ಹೋದವರ ಕಂಪ್ಯೂಟರ್

ಸಂಜೆ ತರಗತಿಯಲ್ಲಿ ನಾಲ್ಕಕ್ಷರ ಕಲಿತ ನಾನು ಇದನ್ನು ಹೇಳಬಾರದೇನೋ, ಕ್ಷಮಿಸಿ.

ಆ ಹೆಂಗಸು ಗಂಡನ ಲಿನಕ್ಸ್ ಕಂಪ್ಯೂಟರನ್ನು ನನ್ನ ರಿಪೇರಿ ಅಂಗಡಿಗೆ ತಂದರು. ಹಿಂದಿನ ತಿಂಗಳು ನಾಲೆಯ ದಂಡೆಯಲ್ಲಿ ಗಂಡನ ಚಪ್ಪಲಿ ಸಿಕ್ಕಿತ್ತು, ದೇಹ ಸಿಕ್ಕಿರಲಿಲ್ಲ.

"ಏನಾದ್ರೂ ಬರೆದಿಟ್ಟಿರ್ತಾರೆ ಅಣ್ಣಾ. ಯಾಕೆ ಹೋದ್ರು ಅಂತ ಗೊತ್ತಾಗ್ದೆ ಅನ್ನ ಇಳೀತಿಲ್ಲ."

"ಪಾಸ್‌ವರ್ಡ್ ಗೊತ್ತಾ ಅಕ್ಕಾ?"

"ಹೆಂಡ್ತಿಗೆ ಹೇಳೋ ಗಂಡಸಾ ಅವ್ರು? ಅವರೊಬ್ಬರಿಗೇ ಗೊತ್ತಿದ್ದಿದ್ದು. ನಾನು ಇಷ್ಟು ದಿನ ತವರಲ್ಲಿದ್ದೆ. ಮನೆಗೆ ಬೀಗ. ಇವತ್ತು ಬಾಗಿಲು ತೆಗೆದು ಸೀದಾ ಇಲ್ಲಿಗೇ ತಂದೆ."

ಕಂಪ್ಯೂಟರ್ ಆನ್ ಆಗಲೇ ಇಲ್ಲ. ಆಟೋದಲ್ಲಿ ಕುಲುಕಿತ್ತೇನೋ ಎಂದು ರ್‍ಯಾಮ್ ತೆಗೆದು, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದೆ. ಪರದೆ ಬೆಳಗಿತು. ಏನಾದರೂ ಅಳಿಸಿಹೋದೀತೆಂಬ ಭಯದಲ್ಲಿ ಪ್ರತಿ ಕಮಾಂಡನ್ನೂ ಎರಡೆರಡು ಸಲ ಓದಿ ಒತ್ತಿದೆ. ಲಿನಕ್ಸಿನಲ್ಲಿ ಹಳೆಯ ಪಾಸ್‌ವರ್ಡ್ ಗೊತ್ತಿಲ್ಲದೆಯೂ ಹೊಸದು ಹಾಕುವ ದಾರಿಯಿದೆ; ಕೊನೆಗೆ ಹಾಗೆ ಬದಲಿಸಿ ಒಳಹೊಕ್ಕೆ.

"ಓದಿ ಅಣ್ಣಾ. ಏನಿದ್ರೂ ತಡ್ಕೋತೀನಿ."

ಗಂಡ ಬರೆದದ್ದೇನೂ ಇರಲಿಲ್ಲ. ಹಳೆಯ ಪಾಸ್‌ವರ್ಡ್ ಹಾಕಿ ಕೊನೆಯ ಸಲ ಲಾಗಿನ್ ಆದದ್ದು ಯಾವಾಗ ಎಂದಷ್ಟೇ ಪರದೆ ತೋರಿಸುತ್ತಿತ್ತು: ನಿನ್ನೆ ಸಂಜೆ. ಆಮೇಲೆ ಅವರ ಗಂಡ ಎಲ್ಲಿಗೆ ಹೋದರೋ ನನಗೆ ಗೊತ್ತಿಲ್ಲ.